ಹಳೆ ಕಾರು ಮಾರಲು ಜಾಹೀರಾತು: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾರಿನ ದಲಾಲಿ ಅಲ್ಲ. ನಮ್ಮ ಮನೆಯ ನಾಲ್ಕು ಕಾರು ಮಾರಿದ್ದೇನೆ, ಅಷ್ಟೇ. ಆಮೇಲೆ ನೆಂಟರು, ಓಣಿಯವರು, ಆಫೀಸಿನವರು ಎಲ್ಲರೂ "ನಮ್ಮದೂ ಒಂದು ಬರೆದು ಕೊಡ್ರಿ" ಅಂತ ಶುರು ಮಾಡಿದರು. ಕೇಳುವುದು ಅವೇ ಪ್ರಶ್ನೆ. ಒಂದೇ ಕಡೆ ಬರೆದಿಟ್ಟರೆ ನನಗೂ ಸಲೀಸು.

ಜಾಹೀರಾತಿನಲ್ಲಿ ಮೊದಲು ಏನು ಬರೆಯಬೇಕು?

ನನ್ನ ಮೊದಲ ಜಾಹೀರಾತು ಹೀಗಿತ್ತು: "ಕಾರು ಮಾರಾಟಕ್ಕಿದೆ. ಒಳ್ಳೆಯ ಕಂಡೀಶನ್. ಆಸಕ್ತರು ಸಂಪರ್ಕಿಸಿ." ಎರಡು ದಿನ ಫೋನ್ ಒಂದೇ ಸಮನೆ ಬಡಿದುಕೊಂಡಿತು. ಖುಷಿಯಾಯಿತು. ಮೂರನೇ ದಿನಕ್ಕೆ ಸಾಕಾಯಿತು. ಅಷ್ಟು ಫೋನ್ ಬಂದರೂ ಗಾಡಿ ನೋಡಲು ಒಬ್ಬರೂ ಬರಲಿಲ್ಲ. ಎಲ್ಲರೂ ಅವೇ ಏಳು ಮಾತು ಕೇಳಿ, ಉತ್ತರ ಸರಿಬರದೆ ಇಟ್ಟುಬಿಡುತ್ತಿದ್ದರು. ಕೊನೆಗೆ ಆ ಏಳನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ:

ಯಾವ ಮಾಡೆಲ್ರೀ? ಪೆಟ್ರೋಲೋ ಡೀಸೆಲ್ಲೋ? ಎಷ್ಟನೇ ಓನರ್? ಎಷ್ಟು ಓಡೇತಿ? ಯಾವ ಪಾಸಿಂಗ್? ಇನ್ಶೂರೆನ್ಸ್ ಐತೇನು? ಲಾಸ್ಟ್ ಎಷ್ಟಕ್ಕ ಕೊಡ್ತೀರಿ?

ಈ ಏಳಕ್ಕೆ ಉತ್ತರ ಬರೆದರೆ ಮುಕ್ಕಾಲು ಜಾಹೀರಾತು ಮುಗಿಯಿತು. ಫೋನ್ ಕಡಿಮೆ ಬರುತ್ತವೆ. ಅದಕ್ಕೆ ಗಾಬರಿಯಾಗಬೇಡಿ. ಬರುವ ನಾಲ್ಕು ಫೋನಿನಲ್ಲಿ ಇಬ್ಬರು ನಿಜವಾಗಿ ಬಾಗಿಲಿಗೆ ಬರುತ್ತಾರೆ.

"ಮಾಡೆಲ್" ಅಂದರೆ ತಯಾರಾದ ವರ್ಷವೋ, ನೋಂದಣಿಯಾದ ವರ್ಷವೋ?

ನಮ್ಮ ಕಡೆ "ಯಾವ ಮಾಡೆಲ್" ಅಂದರೆ ವರ್ಷವನ್ನೇ ಕೇಳುತ್ತಿದ್ದಾರೆ ಅಂತ ಅರ್ಥ. ಆದರೆ ಯಾವ ವರ್ಷ ಅನ್ನೋದರಲ್ಲಿ ಜಗಳ ಇದೆ. 2016ರ ನವೆಂಬರಿನಲ್ಲಿ ತಯಾರಾಗಿ 2017ರ ಜನವರಿಯಲ್ಲಿ ನೋಂದಣಿಯಾದ ಗಾಡಿಯನ್ನು ಮಾರುವವರು 2017 ಅನ್ನುತ್ತಾರೆ, ಕೊಳ್ಳುವವರು 2016 ಅನ್ನುತ್ತಾರೆ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಇರುತ್ತದೆ. ಎರಡನ್ನೂ ಬರೆಯಿರಿ. ಮುಚ್ಚಿಟ್ಟು ಪ್ರಯೋಜನ ಇಲ್ಲ, ಆರ್‌ಸಿ ಕೈಗೆ ಕೊಟ್ಟ ತಕ್ಷಣ ಕಣ್ಣು ಹೋಗುವುದೇ ಅಲ್ಲಿಗೆ.

ಗಾಡಿಗೆ 15 ವರ್ಷ ಸಮೀಪಿಸಿದ್ದರೆ ನೋಂದಣಿ ಯಾವಾಗ ಮುಗಿಯುತ್ತದೆ ಅಂತಲೂ ಬರೆಯಬೇಕು. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನೀವೇ ನವೀಕರಿಸಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹಾಕಿ.

ಪಾಸಿಂಗ್ ಬರೆಯಲೇಬೇಕಾ?

ಬರೆಯಬೇಕು. ಪಾಸಿಂಗ್ ಅಂದರೆ ಗಾಡಿ ಯಾವ ಆರ್‌ಟಿಒದಲ್ಲಿ ನೋಂದಣಿಯಾಗಿದೆ ಅನ್ನೋದು. ಕೆಎ 25 ಧಾರವಾಡ, ಕೆಎ 63 ಹುಬ್ಬಳ್ಳಿ, ಕೆಎ 26 ಗದಗ, ಕೆಎ 27 ಹಾವೇರಿ. ಇವೆಲ್ಲ ಇಲ್ಲಿಯವರಿಗೆ ಮನೆ ನಂಬರ್ ಇದ್ದ ಹಾಗೆ. ಕೆಎ 30 ಅಂದರೆ ಕಾರವಾರ, "ಸಮುದ್ರದ ಗಾಳಿಗೆ ತಳ ತುಕ್ಕು ಹಿಡಿದಿರಬಹುದಾ?" ಅಂತ ಬಗ್ಗಿ ನೋಡುತ್ತಾರೆ. ತಳದ ಒಂದು ಫೋಟೊ ಹಾಕಿದರೆ ಆ ಅನುಮಾನ ಅಲ್ಲೇ ಮುಗಿಯುತ್ತದೆ. ಮಹಾರಾಷ್ಟ್ರದ್ದೋ ಗೋವಾದ್ದೋ ಪಾಸಿಂಗ್ ಇದ್ದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದಿದ್ದೀರಾ, ಕರ್ನಾಟಕದ ತೆರಿಗೆ ಕಟ್ಟಿದ್ದೀರಾ ಅನ್ನೋದನ್ನು ಸ್ಪಷ್ಟವಾಗಿ ಬರೆಯಿರಿ. ಆ ಖರ್ಚು ಯಾರ ತಲೆಗೆ ಅಂತ ಗೊತ್ತಾಗದೆ ಯಾರೂ ಮಾತು ಮುಂದುವರಿಸುವುದಿಲ್ಲ.

"ಶೋರೂಂ ಕಂಡೀಶನ್", "ಸೂಪರ್ ನೀಟ್" ಅಂತ ಬರೆಯಬಹುದಾ?

ಬರೆಯಬಹುದು, ಓದುವವರು ಅದನ್ನು ದಾಟಿ ಮುಂದಿನ ಸಾಲಿಗೆ ಹೋಗುತ್ತಾರೆ. ಹತ್ತು ವರ್ಷದ ಗಾಡಿ ಶೋರೂಂ ಕಂಡೀಶನ್ ಇರೋದು ಹೇಗೆ ಸಾಧ್ಯ? ಅದರ ಬದಲು ಕಣ್ಣಿಗೆ ಕಾಣುವುದನ್ನು ಬರೆಯಿರಿ. "ಟೈರ್ ಚೆನ್ನಾಗಿವೆ" ಅನ್ನಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ, ನೋಡಿ. 3522 ಅಂತಿದ್ದರೆ 2022ರ 35ನೇ ವಾರದಲ್ಲಿ ತಯಾರಾದ ಟೈರ್. "ನಾಲ್ಕೂ ಟೈರ್ 2022ರವು" ಅಂದರೆ ಓದುವವನಿಗೆ ಲೆಕ್ಕ ಸಿಕ್ಕಿತು. "ಬ್ಯಾಟರಿ ಹೊಸದು" ಅನ್ನುವುದಕ್ಕಿಂತ "ಬ್ಯಾಟರಿ ಕಳೆದ ಜೂನ್‌ನಲ್ಲಿ ಹಾಕಿಸಿದ್ದು, ಬಿಲ್ ಇದೆ" ಮೇಲು.

ಗಾಡಿಯಲ್ಲಿರುವ ದೋಷ ಹೇಳಬೇಕಾ? ಹೇಳಿದರೆ ಯಾರು ಬರ್ತಾರೆ?

ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ನಾನು ತಿಂದ ಪೆಟ್ಟನ್ನೇ ಹೇಳುತ್ತೇನೆ.

ನಮ್ಮದೊಂದು ಡೀಸೆಲ್ ಗಾಡಿಯ ಎಸಿ ಬೇಸಿಗೆಯಲ್ಲಿ ಕೈ ಕೊಡುತ್ತಿತ್ತು. ಗಾಡಿ ಓಡುತ್ತಿದ್ದರೆ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿಗಾಳಿ. ಜಾಹೀರಾತಿನಲ್ಲಿ ಎಸಿ ವಿಷಯ ಎತ್ತಲೇ ಇಲ್ಲ. ಗದಗಿನಿಂದ ಒಬ್ಬರು ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದರು. ಸುಮಾರು 60 ಕಿಲೋಮೀಟರ್ ದಾರಿ, ಏಪ್ರಿಲ್ ಬಿಸಿಲು. ಆ ಹುಡುಗ ಎಂಜಿನ್ ಶುರು ಮಾಡಿ, ಎಸಿ ಹಾಕಿ, ಕಿಂಡಿಯ ಮುಂದೆ ಅಂಗೈ ಹಿಡಿದು ಸುಮ್ನೆ ಕೂತ. ಒಂದು ಮಾತಿಲ್ಲ. ಐದು ನಿಮಿಷಕ್ಕೆ ಕೈ ತೆಗೆದು ಅವರ ಕಡೆ ನೋಡಿದ. ಅವರು ಸಿಟ್ಟಾಗಲಿಲ್ಲ. ಚಹಾ ಕುಡಿದು ಹೊರಡುವಾಗ ಇಷ್ಟೇ ಅಂದರು: "ಫೋನಿನ್ಯಾಗ ಹೇಳಿದ್ರ ಸ್ವಲ್ಪ ಕಮ್ಮಿ ರೊಕ್ಕ ಹಿಡಕೊಂಡು ಬರತಿದ್ನಿ."

ಮರುದಿನ ಜಾಹೀರಾತು ತಿದ್ದಿದೆ. "ಎಸಿ ಕಂಪ್ರೆಸರ್ ಕೆಲಸ ಇದೆ. ಗ್ಯಾರೇಜಿನವರು 14 ಸಾವಿರ ಹೇಳಿದ್ದಾರೆ. ಅದನ್ನು ಕಳೆದೇ ಬೆಲೆ ಹಾಕಿದ್ದೇನೆ." ಒಂಬತ್ತು ದಿನದಲ್ಲಿ ಹಾವೇರಿ ಕಡೆಯವರು ತೆಗೆದುಕೊಂಡು ಹೋದರು. ಚೌಕಾಸಿ ಮಾಡಿದ್ದು ಐದು ಸಾವಿರಕ್ಕೆ ಮಾತ್ರ. ಎಸಿ ವಿಷಯ ಇವರೇ ಹೇಳಿದ್ದಾರೆ ಅಂದಮೇಲೆ ಬೇರೆಯದೂ ನಿಜವೇ ಇರಬೇಕು ಅಂತ ಅನ್ನಿಸಿತಂತೆ.

ಅಪಘಾತ, ನೀರು ಹೊಕ್ಕಿದ್ದು, ಎಂಜಿನ್ ಬಿಚ್ಚಿದ್ದು, ಬಣ್ಣ ಹೊಡೆಸಿದ್ದು ಇವನ್ನಂತೂ ಬರೆಯಲೇಬೇಕು. ಮೆಕ್ಯಾನಿಕ್ ಬಂದವನೇ ಬಾನೆಟ್ ಎತ್ತಿ ಬೋಲ್ಟುಗಳ ತಲೆ ನೋಡುತ್ತಾನೆ. ಮೂಲೆಯಲ್ಲಿ ಬಣ್ಣ ಎದ್ದಿದ್ದರೆ ಅಲ್ಲಿ ಸ್ಪ್ಯಾನರ್ ಬಿದ್ದಿದೆ. ಆಮೇಲೆ ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕಿ ನೋಡುತ್ತಾನೆ. ಅವನಿಗೆ ಗೊತ್ತಾಗುವುದನ್ನು ನೀವೇ ಮೊದಲು ಹೇಳಿದರೆ ಬೆಲೆ ಇಳಿಸುವ ದಾರಿ ಒಂದು ಕಡಿಮೆಯಾಗುತ್ತದೆ.

ಕಿಲೋಮೀಟರ್ ಜಾಸ್ತಿ ಆಗಿದೆ. ಏನು ಮಾಡಲಿ?

ಮೀಟರ್ ಹಿಂದಕ್ಕೆ ತಿರುಗಿಸುವವರ ಹತ್ತಿರ ಮಾತ್ರ ಹೋಗಬೇಡಿ. ಅದು ಮೋಸ. ಸರ್ವಿಸ್ ದಾಖಲೆ ತೆಗೆಸಿದರೆ ಸಿಕ್ಕಿಬೀಳುತ್ತೀರಿ. ಎಲ್ಲಿ ಓಡಿದೆ ಅಂತ ಬರೆಯಿರಿ. ಹೆದ್ದಾರಿಯಲ್ಲಿ ಬೆಳಗಾವಿಗೆ ಓಡಾಡಿದ 1,10,000 ಕಿಲೋಮೀಟರಿಗೂ ದುರ್ಗದಬೈಲ್ ಸಂದಿಯಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಓಡಿದ 50,000ಕ್ಕೂ ವ್ಯತ್ಯಾಸ ಇದೆ. ಕೊಳ್ಳುವವರಿಗೂ ಅದು ಗೊತ್ತು.

ಒಂದು ಮಾದರಿ ಕೊಡಿ.

ಹೀಗೆ ಬರೆಯಬಹುದು:

"ವ್ಯಾಗನ್‌ಆರ್ ವಿಎಕ್ಸ್‌ಐ ಪೆಟ್ರೋಲ್, 2017 ಮಾಡೆಲ್ (ತಯಾರಿಕೆ ಮಾರ್ಚ್, ನೋಂದಣಿ ಮೇ), ಕೆಎ 25, ಒಬ್ಬರೇ ಓನರ್, 61,400 ಕಿ.ಮೀ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಓಡಿಸಿದ ಗಾಡಿ. ಸರ್ವಿಸ್ ಬಿಲ್ ಎಲ್ಲ ಇವೆ. ಮುಂದಿನ ಟೈರ್ 2023ರವು, ಹಿಂದಿನ ಎರಡು ಬದಲಿಸಬೇಕು. ಎಡಗಡೆ ಹಿಂಬಾಗಿಲಿಗೆ ಗೀರು ಇದೆ, ಫೋಟೊ ನೋಡಿ. 2021ರಲ್ಲಿ ಮುಂದಿನ ಬಂಪರ್ ಬದಲಿಸಿದೆ, ಬೇರೆ ಪೆಟ್ಟು ಬಿದ್ದಿಲ್ಲ. ಎಸಿ ಸರಿ ಇದೆ. ಇನ್ಶೂರೆನ್ಸ್ ಡಿಸೆಂಬರ್‌ವರೆಗೆ. ಲೋನ್ ಇಲ್ಲ. ಕೀಲಿ ಎರಡೂ ಇವೆ. ಮನೆಮಂದಿ ಜಾಸ್ತಿಯಾದರು, ದೊಡ್ಡ ಗಾಡಿ ಬೇಕು, ಅದಕ್ಕೆ ಮಾರಾಟ. ಬೆಲೆ 3,45,000 ರೂ. ಗಾಡಿ ನೋಡಿದ ಮೇಲೆ ಸ್ವಲ್ಪ ಮಾತಾಡೋಣ. ಸಪ್ತಾಪುರ, ಧಾರವಾಡ. ಸಂಜೆ 6ರ ಮೇಲೆ, ಭಾನುವಾರ ಇಡೀ ದಿನ."

ಬೆಲೆ ಇಲ್ಲಿ ಉದಾಹರಣೆಗೆ ಹಾಕಿದ್ದು, ಅದನ್ನೇ ಹಿಡಿದುಕೊಳ್ಳಬೇಡಿ. ಮಾರುವ ಕಾರಣದ ಆ ಒಂದು ಸಾಲು ಬಿಡಬೇಡಿ. "ಚೊಲೋ ಗಾಡಿ ಯಾಕ ಮಾರಾಕತ್ತೀರಿ?" ಅಂತ ಕೇಳದವರನ್ನು ನಾನು ಇನ್ನೂ ನೋಡಿಲ್ಲ.

ಫೋಟೊ ಎಷ್ಟು, ಎಲ್ಲಿ, ಹೇಗೆ?

ಹನ್ನೆರಡು ಸಾಕು. ಮುಂದೆ, ಹಿಂದೆ, ಎರಡೂ ಪಕ್ಕ, ಎರಡು ಮೂಲೆಯಿಂದ ಓರೆಯಾಗಿ, ಡ್ಯಾಶ್‌ಬೋರ್ಡ್, ಮುಂದಿನ ಸೀಟು, ಹಿಂದಿನ ಸೀಟು, ಡಿಕ್ಕಿ, ಎಂಜಿನ್, ಮೀಟರ್. ಗೀರು, ಡೆಂಟ್ ಇದ್ದರೆ ಅದಕ್ಕೆ ಬೇರೆ.

ಮೊದಲು ಗಾಡಿ ತೊಳೆಯಿರಿ. ಮೇಲೆ ನೀರು ಸುರಿದರೆ ಸಾಲದು. ನಮ್ಮ ಊರಿನ ಧೂಳು ಬಾಗಿಲಿನ ಬೀಡಿಂಗ್‌ನಲ್ಲಿ, ಡಿಕ್ಕಿಯ ಅಂಚಿನಲ್ಲಿ, ಸೀಟಿನ ಹಳಿಯಲ್ಲಿ ಕೂತಿರುತ್ತದೆ. ನವಲಗುಂದ ಕಡೆ ಹೊಲಕ್ಕೆ ಹೋಗಿ ಬಂದ ಗಾಡಿಯಾದರೆ ಚಕ್ರದ ಮೇಲಿನ ಕಮಾನಿನೊಳಗೆ ಎರೆಮಣ್ಣು ಹೆಂಟೆಯಾಗಿ ಗಟ್ಟಿಯಾಗಿರುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಕೂರಿ. ಸೀಟಿನ ಕೆಳಗೆ ಬಿದ್ದಿರುವ ಚುರುಮುರಿ ಕಾಳು, ಪೇಡಾ ಡಬ್ಬಿ, ಮಕ್ಕಳ ಸಾಕ್ಸ್ ಎಲ್ಲ ಹೊರಗೆ.

ಬೆಳಿಗ್ಗೆ ಏಳೂವರೆ ಒಳಗೆ ತೆಗೆಯಿರಿ, ಇಲ್ಲವೇ ಸಂಜೆ ಐದರ ಮೇಲೆ. ಮಧ್ಯಾಹ್ನದ ಬಿಸಿಲಿಗೆ ಬಣ್ಣ ಬೆಳ್ಳಗೆ ಹೊಳೆದು ಏನೂ ಕಾಣುವುದಿಲ್ಲ. ಉಣಕಲ್ ಕೆರೆ ದಂಡೆ, ಕೆಲಗೇರಿ ಕೆರೆ ದಂಡೆ ಚೆನ್ನಾಗಿ ಬರುತ್ತವೆ ನಿಜ. ಆದರೆ ನಮ್ಮ ಪಕ್ಕದ ಮನೆಯವರು ಹಾಕಿದ ಫೋಟೊದಲ್ಲಿ ಕೆರೆಯೇ ಮುಕ್ಕಾಲು, ಗಾಡಿ ಕಾಲು ಭಾಗ. ಖಾಲಿ ಗೋಡೆಯ ಮುಂದೆ ನಿಲ್ಲಿಸಿ, ಫೋನನ್ನು ಹೆಡ್‌ಲೈಟ್ ಎತ್ತರಕ್ಕೆ ಇಳಿಸಿ, ಅಡ್ಡ ಹಿಡಿದು ತೆಗೆಯಿರಿ.

ಮೀಟರ್ ಫೋಟೊ ಎಂಜಿನ್ ಚಾಲೂ ಇಟ್ಟು ತೆಗೆಯಬೇಕು. ಕಿಲೋಮೀಟರ್ ಕಾಣುತ್ತದೆ, ಎಚ್ಚರಿಕೆಯ ದೀಪ ಯಾವುದೂ ಉರಿಯುತ್ತಿಲ್ಲ ಅನ್ನುವುದೂ ಕಾಣುತ್ತದೆ. ಬಣ್ಣ ಹೊಳೆಯುವ ಫಿಲ್ಟರ್ ಹಾಕಬೇಡಿ. ದೇವರ ಫೋಟೊ, ನಿಂಬೆಹಣ್ಣು ತೆಗೆಯಬೇಕಾ ಅಂತ ಒಬ್ಬರು ಕೇಳಿದ್ದರು. ಇರಲಿ ಬಿಡಿ, ಒಣಗಿದ ನಿಂಬೆಹಣ್ಣನ್ನು ಮಾತ್ರ ಬದಲಿಸಿ.

ನಂಬರ್ ಪ್ಲೇಟ್ ಮುಚ್ಚಬೇಕಾ?

ಕೊನೆಯ ನಾಲ್ಕು ಅಂಕಿ ಮುಚ್ಚಿ, ಕೆಎ 25 ಕಾಣಲಿ. ಪೂರ್ತಿ ನಂಬರನ್ನು ನಿಜವಾಗಿ ಕೊಳ್ಳುವವರಿಗೆ ಫೋನಿನಲ್ಲಿ ಕೊಡಿ. ಅವರು ಸರ್ಕಾರದ ವಾಹನ ಜಾಲತಾಣ ಪರಿವಾಹನ್‌ನಲ್ಲಿ ಹಾಕಿ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲಿ. ಆರ್‌ಸಿ ಫೋಟೊವನ್ನು ಜಾಹೀರಾತಿಗೆ ಹಾಕಲೇಬೇಡಿ. ಅದರಲ್ಲಿ ನಿಮ್ಮ ಹೆಸರು, ಮನೆ ವಿಳಾಸ, ಚಾಸಿ ನಂಬರ್ ಎಲ್ಲ ಇದೆ.

ಬೆಲೆ ಹಾಕಬೇಕಾ, "ಕರೆ ಮಾಡಿ" ಅಂದರೆ ಸಾಕಾ?

ಹಾಕಿ. ಬೆಲೆ ಇಲ್ಲದ ಜಾಹೀರಾತು ನೋಡಿದರೆ ನನಗಂತೂ ಜಾಸ್ತಿ ಹೇಳ್ತಾರೆ ಅಂತಲೇ ಅನ್ನಿಸುತ್ತದೆ.

ಎಷ್ಟು ಹಾಕಬೇಕು ಅನ್ನೋದಕ್ಕೆ ನಾನು ಮಾಡುವುದು ಇಷ್ಟು. ಅದೇ ಗಾಡಿ, ಅದೇ ವರ್ಷ, ಹೆಚ್ಚುಕಡಿಮೆ ಅಷ್ಟೇ ಓಡಿದ್ದು ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಯಲ್ಲಿ ಎಷ್ಟಕ್ಕೆ ಹಾಕಿದ್ದಾರೆ ನೋಡುತ್ತೇನೆ. ಆರೇಳು ಸಿಕ್ಕರೆ ತೀರಾ ಮೇಲಿನದು, ತೀರಾ ಕೆಳಗಿನದು ಬಿಟ್ಟು ನಡುವಿನದನ್ನು ಹಿಡಿಯುತ್ತೇನೆ. ನೆನಪಿರಲಿ, ಅವರು ಹಾಕಿದ್ದು ಕೇಳುವ ಬೆಲೆ, ಕೊನೆಗೆ ಮಾರಿದ್ದು ಅದಕ್ಕಿಂತ ಕಡಿಮೆಗೆ. ಹಳೆ ಕಾರಿನ ಅಂಗಡಿಯವರಿಗೂ ಒಮ್ಮೆ ತೋರಿಸಿ. ಅವರು ಕೊಡುವ ಬೆಲೆಯೇ ನೆಲ, ಅದಕ್ಕಿಂತ ಕೆಳಗೆ ಹೋಗುವ ಗರಜಿಲ್ಲ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು ಹೊಸ ಗಾಡಿಯ ಬೆಲೆಯೇ ಕಡಿಮೆಯಾಯಿತು. ನಮ್ಮ ನೆಂಟರೊಬ್ಬರು ಅದಕ್ಕೂ ಮೊದಲು ಯಾರೋ ಹೇಳಿದ ಬೆಲೆಯನ್ನೇ ಹಿಡಿದು ಕೂತರು. ಬಂದವರೆಲ್ಲ "ಇಷ್ಟು ಕೊಟ್ಟರ ಹೊಸಾದಕ್ಕ ಇನ್ನೊಂದಿಷ್ಟು ಹಾಕಿದ್ರಾತು" ಅಂತ ಎದ್ದು ಹೋದರು. ಗಾಡಿಗೆ ನೀವು ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಸೀಟ್ ಕವರ್‌ನ ದುಡ್ಡೂ ವಾಪಸ್ ಬರುವುದಿಲ್ಲ. ಬೇಜಾರಾಗುತ್ತದೆ, ಗೊತ್ತು.

ಮಾತಾಡಲು ಸ್ವಲ್ಪ ಜಾಗ ಇಟ್ಟುಕೊಳ್ಳಿ. ಮೂರೂವರೆ ಲಕ್ಷದ ಗಾಡಿಗೆ ಹತ್ತು-ಹದಿನೈದು ಸಾವಿರ ಸಾಕು. ಐವತ್ತು ಸಾವಿರ ಏರಿಸಿ ಹಾಕಿದರೆ ಫೋನೇ ಬರುವುದಿಲ್ಲ. ಫೋನಿನಲ್ಲೇ "ಲಾಸ್ಟ್ ಎಷ್ಟು?" ಅಂದವರಿಗೆ ನಾನು ಹೇಳುವುದು ಒಂದೇ: "ಗಾಡಿ ನೋಡಿ, ಓಡಿಸಿ, ಆಮೇಲೆ ಕೂತು ಮಾತಾಡೋಣ." ಗಾಡಿ ನೋಡದವರಿಗೆ ಐದು ಸಾವಿರ ಬಿಟ್ಟರೆ, ಮನೆಗೆ ಬಂದಮೇಲೆ ಅಲ್ಲಿಂದ ಮತ್ತೆ ಶುರು ಮಾಡುತ್ತಾರೆ.

ಇನ್ಶೂರೆನ್ಸ್, ಲೋನ್, ನಂಬರ್ ಪ್ಲೇಟ್ ಬಗ್ಗೆ ಎಷ್ಟು ಬರೆಯಬೇಕು?

ಒಂದೊಂದು ಸಾಲು. ಇನ್ಶೂರೆನ್ಸ್ ಯಾವ ತಿಂಗಳವರೆಗೆ, ಪೂರ್ತಿಯದೋ ಥರ್ಡ್ ಪಾರ್ಟಿ ಮಾತ್ರವೋ ಅಂತ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಇನ್ಶೂರೆನ್ಸ್‌ನಲ್ಲಿ ಸಿಗುವ ರಿಯಾಯಿತಿ) ಗಾಡಿಯ ಜೊತೆ ಹೋಗುತ್ತದೆ ಅಂತ ಮಾತು ಕೊಡಬೇಡಿ. ಅದು ನಿಮ್ಮದು. ಕಂಪನಿಯಿಂದ ಪತ್ರ ತೆಗೆದುಕೊಂಡರೆ 3 ವರ್ಷದೊಳಗೆ ನಿಮ್ಮ ಹೊಸ ಗಾಡಿಗೆ ಬಳಸಬಹುದು.

ಲೋನ್ ತೀರಿದೆ ಅಂದರೆ ಸಾಲದು. ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿರಬೇಕು. ಅದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಜಾಹೀರಾತು ಹಾಕುವ ಮೊದಲೇ ಮಾಡಿಸಿ. 2019ರ ಏಪ್ರಿಲ್ 1ಕ್ಕೂ ಹಿಂದಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸಿದ್ದೀರಾ ಅಂತಲೂ ತಿಳಿಸಿ. ಆಮೇಲೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, "ಆರ್‌ಸಿಯಲ್ಲಿ ಸಿಎನ್‌ಜಿ ಇದೆ" ಅಂತ ಬರೆದರೆ ಗದಗ-ಹುಬ್ಬಳ್ಳಿ ಓಡಾಡುವವರು ಕೂಡಲೇ ಫೋನ್ ಮಾಡುತ್ತಾರೆ.

ನನ್ನ ಗಾಡಿಯ ಕಂಪನಿ ಭಾರತದಲ್ಲೇ ಇಲ್ಲ. ಮಾರಬಹುದಾ?

ಮಾರಬಹುದು. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಕೊಳ್ಳುವವರ ಭಯ ಬಿಡಿಭಾಗದ್ದು. ನೀವು ಎಲ್ಲಿ ರಿಪೇರಿ ಮಾಡಿಸುತ್ತೀರಿ, ಕಳೆದ ಸಲ ಎಷ್ಟು ಬಿಲ್ ಆಯಿತು ಅಂತ ಬರೆಯಿರಿ.

ಜಾಹೀರಾತು ಎಲ್ಲಿ ಹಾಕಬೇಕು?

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಎರಡೂ ಇರಲಿ. ಆದರೆ ನಮ್ಮ ಮನೆಯ ನಾಲ್ಕರಲ್ಲಿ ಎರಡು ಹೋದದ್ದು ವಾಟ್ಸ್‌ಆ್ಯಪ್ ಗುಂಪಿನಿಂದ. ಗ್ಯಾರೇಜಿನ ಹುಡುಗನಿಗೂ ಕಳಿಸಿ, "ಒಂದು ಚೊಲೋ ಗಾಡಿ ಇದ್ದರ ಹೇಳು" ಅಂತ ಎಲ್ಲರೂ ಹೇಳಿಟ್ಟಿರುವುದು ಅವನಿಗೇ.

ಪತ್ರಿಕೆಯ ಕಿರು ಜಾಹೀರಾತನ್ನು ಊರ ಕಡೆ ಹಿರಿಯರು ಈಗಲೂ ಓದುತ್ತಾರೆ. ಅಲ್ಲಿ ಪದಕ್ಕೆ ದುಡ್ಡು. ಹೀಗೆ ಬಿಗಿಯಾಗಿ ಬರೆಯಿರಿ: "ವ್ಯಾಗನ್‌ಆರ್ ಪೆಟ್ರೋಲ್, 2017, ಕೆಎ 25, ಸಿಂಗಲ್ ಓನರ್, 61,400 ಕಿ.ಮೀ., ಲೋನ್ ಇಲ್ಲ, 3.45 ಲಕ್ಷ, ಧಾರವಾಡ" ಮತ್ತು ಫೋನ್ ನಂಬರ್. "ಆಸಕ್ತರು ಸಂಪರ್ಕಿಸಬಹುದು" ಅಂತ ಸೇರಿಸಿ ಎರಡು ಪದದ ದುಡ್ಡು ಕಳೆಯಬೇಡಿ. ಆಸಕ್ತಿ ಇಲ್ಲದವರು ಯಾಕೆ ಫೋನ್ ಮಾಡ್ತಾರೆ?

ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಿನಲ್ಲಾ?

ಕನ್ನಡದಲ್ಲಿ. ಗಾಡಿಯ ಹೆಸರನ್ನು ಇಂಗ್ಲಿಷಿನಲ್ಲೂ ಒಮ್ಮೆ ಹಾಕಿ, ಹುಡುಕುವವರಿಗೆ ಸಿಗಲಿ. ಹಾನಗಲ್ಲಿನ ರೈತರೊಬ್ಬರು ನನಗೆ ಫೋನ್ ಮಾಡಿದ್ದೇ "ಓದಾಕ ಬಂತು, ಅದಕ್ಕ ಮಾಡಿದೆ" ಅಂತ.

ಯಾವ ತಿಂಗಳು ಒಳ್ಳೆಯದು?

ಯುಗಾದಿಗೆ, ಖಂಡೆ ಪೂಜೆಗೆ, ದೀಪಾವಳಿ ಪಾಡ್ಯಕ್ಕೆ ಮನೆಗೆ ಗಾಡಿ ತರುವವರು ಬಹಳ. ಮೂರು ವಾರ ಮೊದಲೇ ಜಾಹೀರಾತು ಹೊರಗೆ ಬರಲಿ. ಪಿತೃಪಕ್ಷದಲ್ಲಿ, ಅಧಿಕ ಮಾಸದಲ್ಲಿ ನೋಡಲು ಬರುತ್ತಾರೆ, ಇಸಾರ ಕೊಡುವುದಿಲ್ಲ. ಆಗ ಬೆಲೆ ಇಳಿಸಬೇಡಿ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ರಾಶಿ ಬೀಳುವ ಜನವರಿಯಿಂದ ಮಾರ್ಚ್‌ವರೆಗೆ ಹಾವೇರಿ ಕಡೆಯ ಫೋನ್ ಜಾಸ್ತಿ. ಅದು ನನ್ನ ಅನುಭವ, ಪ್ರತಿ ವರ್ಷ ಹಾಗೇ ಆಗಬೇಕೆಂದಿಲ್ಲ. ದರ ಬಿದ್ದ ವರ್ಷ ಆ ಫೋನ್‌ಗಳೂ ಇಲ್ಲ.

ಗಾಡಿ ನೋಡದೆಯೇ "ಅಡ್ವಾನ್ಸ್ ಕಳಿಸ್ತೀನಿ" ಅನ್ನುವವರು?

ಇಟ್ಟುಬಿಡಿ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ತೆಗೆದುಕೊಳ್ಳಿ ಅನ್ನುವ ಮೋಸ ಹಳೆಯದು, ಇನ್ನೂ ನಡೆಯುತ್ತಿದೆ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನೋಡಲು ಬರುವವರನ್ನು ಮನೆಗೇ ಕರೆಯಲು ಹಿಂಜರಿಕೆ ಇದ್ದರೆ "ನವನಗರ ಬಿಆರ್‌ಟಿಎಸ್ ಸ್ಟಾಪ್ ಹತ್ತಿರ" ಅಂತ ಬರೆಯಿರಿ. ಚಿಗರಿ ಬಸ್ಸಿನಲ್ಲಿ ಬರುವವರಿಗೂ ಅನುಕೂಲ. ಓಡಿಸಿ ನೋಡುವಾಗ ನೀವು ಪಕ್ಕದಲ್ಲೇ ಕೂತಿರಬೇಕು. ನಗದಿನ ವಿಷಯವೂ ಮೊದಲೇ ಹೇಳಿಬಿಡಿ: ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ದಂಡ ಬೀಳುವುದು ತೆಗೆದುಕೊಂಡವರಿಗೆ.

ಮಾರಿದ ಮೇಲೆ ಜಾಹೀರಾತಿನ ಕೆಲಸ ಮುಗಿಯಿತಲ್ವಾ?

ಇಸಾರ ಕೈಗೆ ಬಂದ ದಿನವೇ ತೆಗೆದುಹಾಕಿ. ಗಾಡಿ ಒಯ್ಯುವ ದಿನ ಹೆಸರು ವರ್ಗಾವಣೆಯ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಆಗಲಿ, ಡೆಲಿವರಿ ಪತ್ರದಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ. ಮಾರಿದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. "ಅವರೇ ಹೆಸರು ಬದಲಿಸಿಕೊಳ್ಳುತ್ತಾರೆ ಬಿಡಿ" ಅಂತ ಸುಮ್ಮನಾಗಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಫಾಸ್ಟ್‌ಟ್ಯಾಗ್ ಕಿತ್ತು, ಖಾತೆ ಮುಚ್ಚಿಸಿ.

ವಾಟ್ಸ್‌ಆ್ಯಪ್‌ಗೆ ಕಳಿಸಿದ್ದನ್ನು ಮಾತ್ರ ವಾಪಸ್ ತರಲು ಆಗುವುದಿಲ್ಲ. ಅದು ಗುಂಪಿನಿಂದ ಗುಂಪಿಗೆ ತಿರುಗುತ್ತಲೇ ಇರುತ್ತದೆ. ಅದಕ್ಕೇ ಈಗ ಜಾಹೀರಾತಿನ ತುದಿಗೆ ಹಾಕಿದ ತಾರೀಕು ಬರೆಯುತ್ತೇನೆ. ನಮ್ಮ ಆ ಎಸಿ ಕೆಟ್ಟ ಗಾಡಿ ಹೋಗಿ ಎರಡು ವರ್ಷವಾಯಿತು. ಕಳೆದ ತಿಂಗಳು ಲಕ್ಷ್ಮೇಶ್ವರದಿಂದ ಒಬ್ಬರು ಫೋನ್ ಮಾಡಿ, ಕಂಪ್ರೆಸರ್ ಮಾಡಿಸಿದಿರೇನ್ರೀ ಅಂತ ಕೇಳಿದರು.